ಪೆಟ್ರೋಲಿನ ಆಕ್ಟೇನ್ ಸಂಖ್ಯೆ: ಎಂಜಿನ್ ಕೇಳಿದಷ್ಟೇ ಕೊಡಿ

ಪೆಟ್ರೋಲ್ ಬಂಕಿನಲ್ಲಿ ಒಂದೇ ಬಗೆಯ ಪೆಟ್ರೋಲ್ ದೊರೆಯುತ್ತಿದ್ದ ಕಾಲ ಕಳೆದು ಬಹಳ ವರ್ಷಗಳಾದವು. ಇಂದು ನಗರದ ಬಹುತೇಕ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲಿನ ಜೊತೆಗೆ 95, 99, 100 ಎಂಬ ಅಂಕಿಗಳನ್ನು ಹೊತ್ತ ದುಬಾರಿ ಪೆಟ್ರೋಲುಗಳೂ ಮಾರಾಟಕ್ಕಿವೆ. ಅಂಕಿ ದೊಡ್ಡದಾದಷ್ಟೂ ಮಾಲು ಉತ್ತಮ ಎಂದು ಭಾವಿಸುವುದು ಸಹಜ. ಅಕ್ಕಿ, ಬೇಳೆ, ಉಕ್ಕು, ಬಟ್ಟೆ ಯಾವುದನ್ನೇ ತೆಗೆದುಕೊಂಡರೂ ಹೆಚ್ಚಿನ ದರ್ಜೆಗೆ ಹೆಚ್ಚಿನ ಬೆಲೆ ಎಂಬುದು ವ್ಯಾಪಾರಿಗಳಿಗೆ ಅಭ್ಯಾಸವಾದ ಲೆಕ್ಕ. ಆದರೆ ಪೆಟ್ರೋಲಿನ ಮೇಲೆ ನಮೂದಿಸಿರುವ ಆಕ್ಟೇನ್ ಸಂಖ್ಯೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು ದರ್ಜೆಯ ಗುರುತಲ್ಲ, ಹೊಂದಾಣಿಕೆಯ ಗುರುತು. ಪಾದಕ್ಕೆ ತಕ್ಕ ಅಳತೆಯ ಚಪ್ಪಲಿಯನ್ನು ಆರಿಸುವಂತೆ ಎಂಜಿನ್ನಿಗೆ ತಕ್ಕ ಆಕ್ಟೇನನ್ನು ಆರಿಸಬೇಕು. ಅಳತೆ ದೊಡ್ಡದಾದ ಮಾತ್ರಕ್ಕೆ ನಡಿಗೆ ಸುಗಮವಾಗುವುದಿಲ್ಲ.

ಸರಕು ವಿತರಣೆಗೆ ನಾಲ್ಕಾರು ಪೆಟ್ರೋಲ್ ಗಾಡಿಗಳನ್ನು ಇಟ್ಟುಕೊಂಡಿರುವ ಸಗಟು ವ್ಯಾಪಾರಿಗಳಿಗೆ ಹಾಗೂ ಮಾರಾಟ ಪ್ರತಿನಿಧಿಗಳಿಗೆ ಕಾರು ಒದಗಿಸುವ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಪೆಟ್ರೋಲ್ ಇಂದಿಗೂ ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಗೆ ಬಂದಿಲ್ಲ. ಅದರ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. 2024ರ ಜೂನ್ ತಿಂಗಳಿನಲ್ಲಿ ನಮ್ಮ ರಾಜ್ಯದಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಲಾಯಿತು. ಇಂತಹ ಸ್ಥಿತಿಯಲ್ಲಿ ಲೀಟರಿಗೆ ಅನಗತ್ಯವಾಗಿ ತೆತ್ತ ಪ್ರತಿ ರೂಪಾಯಿಯೂ ನೇರವಾಗಿ ಖರ್ಚಿನ ಬಾಬಿಗೆ ಸೇರುತ್ತದೆ. ಇನ್ನೊಂದೆಡೆ, ಹೆಚ್ಚಿನ ಆಕ್ಟೇನ್ ನಿಜಕ್ಕೂ ಬೇಕಾದ ಎಂಜಿನ್ನಿಗೆ ಕಡಿಮೆಯದನ್ನು ಹಾಕಿ ಉಳಿತಾಯ ಮಾಡಿದೆವೆಂದುಕೊಂಡರೆ ಆ ಉಳಿತಾಯ ಮುಂದೆ ಗ್ಯಾರೇಜಿನ ಬಿಲ್ಲಿನಲ್ಲಿ ಕರಗುತ್ತದೆ. ಆದುದರಿಂದ ಈ ಸಂಖ್ಯೆಯ ಅರ್ಥವೇನು, ಯಾವ ಗಾಡಿಗೆ ಯಾವುದು ಸರಿ ಎಂಬುದನ್ನು ತಿಳಿದಿರುವುದು ಲಾಭದಾಯಕ.

ಆಕ್ಟೇನ್ ಸಂಖ್ಯೆ ಏನನ್ನು ಅಳೆಯುತ್ತದೆ?

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಸೇರುತ್ತದೆ. ಪಿಸ್ಟನ್ ಮೇಲಕ್ಕೆ ಚಲಿಸಿ ಅದನ್ನು ಒತ್ತುತ್ತದೆ. ಒತ್ತಡ ಹೆಚ್ಚಿದಂತೆ ಮಿಶ್ರಣವು ಬಿಸಿಯಾಗುತ್ತದೆ. ಸರಿಯಾದ ಗಳಿಗೆಯಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸಿದಾಗ ಜ್ವಾಲೆಯು ಪ್ಲಗ್ಗಿನ ಬಳಿಯಿಂದ ಆರಂಭವಾಗಿ ಕ್ರಮವಾಗಿ ಇಡೀ ಸಿಲಿಂಡರನ್ನು ವ್ಯಾಪಿಸುತ್ತದೆ. ಹೀಗೆ ಹರಡುವ ಜ್ವಾಲೆಯ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ತಳ್ಳಿ ಗಾಡಿಯನ್ನು ಮುಂದಕ್ಕೆ ಒಯ್ಯುತ್ತದೆ. ಇದು ಸಹಜವಾದ ದಹನಕ್ರಿಯೆ.

ಕೆಲವು ಸಂದರ್ಭಗಳಲ್ಲಿ ಜ್ವಾಲೆಯು ತಲುಪುವ ಮೊದಲೇ ಸಿಲಿಂಡರಿನ ದೂರದ ಮೂಲೆಯಲ್ಲಿರುವ ಮಿಶ್ರಣವು ಶಾಖ ಮತ್ತು ಒತ್ತಡವನ್ನು ತಾಳಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಉಂಟಾಗುವ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ತಲೆಗೂ ಬಡಿಯುತ್ತವೆ. ಹೊರಗೆ ಕಟಕಟ ಎಂಬ ಲೋಹದ ಸದ್ದು ಕೇಳಿಸುತ್ತದೆ. ಇದನ್ನೇ ನಾಕಿಂಗ್ ಎನ್ನುತ್ತಾರೆ. ತುಂಬಿದ ಗಾಡಿಯನ್ನು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಗೇರು ಇಳಿಸದೆ ಹತ್ತಿಸಲು ಯತ್ನಿಸಿದ ಚಾಲಕರಿಗೆ ಈ ಸದ್ದು ಹೊಸದೇನಲ್ಲ. ಅಪರೂಪಕ್ಕೊಮ್ಮೆ ಕೇಳಿಸಿದರೆ ಹಾನಿಯಿಲ್ಲ. ಆದರೆ ದಿನವೂ ಮುಂದುವರಿದರೆ ಎಂಜಿನ್ ಮಿತಿಮೀರಿ ಬಿಸಿಯಾಗುವುದು, ಪಿಸ್ಟನ್ನಿನ ರಿಂಗು ಕೂರುವ ಅಂಚುಗಳು ಮುರಿಯುವುದು, ಹೆಡ್ ಗ್ಯಾಸ್ಕೆಟ್ ಸುಡುವುದು ಮುಂತಾದ ಹಾನಿಗಳು ಸಂಭವಿಸುತ್ತವೆ.

ಹೀಗೆ ಅಕಾಲದಲ್ಲಿ ತಾನಾಗಿ ಹೊತ್ತಿಕೊಳ್ಳದೆ ಕಿಡಿಯ ಜ್ವಾಲೆಗಾಗಿ ಕಾಯುವ ತಾಳ್ಮೆ ಪೆಟ್ರೋಲಿಗೆ ಎಷ್ಟಿದೆ ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. 1920ರ ದಶಕದಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ ಇದಕ್ಕೊಂದು ಮಾಪನವನ್ನು ರೂಪಿಸಿದರು. ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೋ ಆಕ್ಟೇನ್ ಎಂಬ ದ್ರವಕ್ಕೆ 100 ಅಂಕ, ಸುಲಭವಾಗಿ ನಾಕಿಂಗ್ ಆಗುವ ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ ಅಂಕ. ನೂರಕ್ಕೆ 95 ಪಾಲು ಐಸೋ ಆಕ್ಟೇನ್ ಮತ್ತು 5 ಪಾಲು ಹೆಪ್ಟೇನ್ ಸೇರಿದ ಮಿಶ್ರಣವು ಪರೀಕ್ಷಾ ಎಂಜಿನ್ನಿನಲ್ಲಿ ಹೇಗೆ ವರ್ತಿಸುವುದೋ ಹಾಗೆಯೇ ವರ್ತಿಸುವ ಪೆಟ್ರೋಲಿಗೆ 95 ಎಂಬ ಸಂಖ್ಯೆ ದೊರೆಯುತ್ತದೆ. ಆ ಪೆಟ್ರೋಲಿನಲ್ಲಿ ಐಸೋ ಆಕ್ಟೇನ್ ಅಷ್ಟೇ ಪ್ರಮಾಣದಲ್ಲಿರಬೇಕೆಂದಿಲ್ಲ. ನಡವಳಿಕೆ ಸಮನಾಗಿದ್ದರೆ ಸಾಕು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಈ ಸಂಖ್ಯೆಯು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯ ಅಳತೆಯಲ್ಲ. ಎಥನಾಲ್ ಇದಕ್ಕೆ ಅತ್ಯುತ್ತಮ ನಿದರ್ಶನ. ಕೇಂದ್ರ ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ನೀಡಿದ ವಿವರಣೆಯಂತೆ ಎಥನಾಲಿನ ಆಕ್ಟೇನ್ ಸಂಖ್ಯೆ ಸುಮಾರು 108.5; ಪೆಟ್ರೋಲಿನದು 84.4. ಆದರೂ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನಲ್ಲಿರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಅಂಕಿ ಹೆಚ್ಚು, ಶಕ್ತಿ ಕಡಿಮೆ! ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ಹಾಕಿದರೆ ಮೈಲೇಜು ತಾನಾಗಿ ಹೆಚ್ಚುವುದೆಂಬ ನಂಬಿಕೆ ಎಷ್ಟು ಟೊಳ್ಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಾವ ಎಂಜಿನ್ನಿಗೆ ಎಷ್ಟು?

ಹೆಚ್ಚಿನ ಆಕ್ಟೇನ್ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಎಂಜಿನ್ನಿನ ವಿನ್ಯಾಸ. ಪಿಸ್ಟನ್ ಅತ್ಯಂತ ಕೆಳಗಿರುವಾಗ ಸಿಲಿಂಡರಿನಲ್ಲಿರುವ ಜಾಗವು ಪಿಸ್ಟನ್ ಅತ್ಯಂತ ಮೇಲಿರುವಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದನ್ನು ಸಂಪೀಡನ ಅನುಪಾತ ಎನ್ನುತ್ತಾರೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ಕಂಪ್ರೆಶನ್ ರೇಶಿಯೋ. ಈ ಅನುಪಾತ ಹೆಚ್ಚಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸವನ್ನು ಪಡೆಯಬಹುದು. ಆದರೆ ಮಿಶ್ರಣದ ಮೇಲಿನ ಒತ್ತಡ, ಶಾಖ ಎರಡೂ ಹೆಚ್ಚುವುದರಿಂದ ನಾಕಿಂಗಿನ ಭಯವೂ ಹೆಚ್ಚುತ್ತದೆ. ಆಗ ಹೆಚ್ಚಿನ ಆಕ್ಟೇನ್ ಬೇಕಾಗುತ್ತದೆ. ಕಾರ್ಬ್ಯುರೇಟರ್ ಕಾಲದ ನಮ್ಮ ಕಾರುಗಳಲ್ಲಿ ಈ ಅನುಪಾತ ಸಾಮಾನ್ಯವಾಗಿ 9ಕ್ಕಿಂತ ಕಡಿಮೆಯಿತ್ತು. ಇಂದಿನ ಅನೇಕ ಸಣ್ಣ ಕಾರುಗಳಲ್ಲಿ ಅದು 10ರಿಂದ 12ರವರೆಗೆ ಇದೆ.

ಟರ್ಬೋ ಅಳವಡಿಸಿದ ಎಂಜಿನ್ನುಗಳದು ಇನ್ನೊಂದು ಬಗೆ. ಅವುಗಳಲ್ಲಿ ಗಾಳಿಯನ್ನು ಮೊದಲೇ ಒತ್ತಿ ಸಿಲಿಂಡರಿಗೆ ತುಂಬಲಾಗುತ್ತದೆ. ಆದುದರಿಂದ ಕಾಗದದ ಮೇಲಿನ ಅನುಪಾತ ಕಡಿಮೆಯಿದ್ದರೂ ಒಳಗಿನ ಒತ್ತಡ ಹೆಚ್ಚು. ಹಾಗೆಂದು ಟರ್ಬೋ ಇದ್ದ ಮಾತ್ರಕ್ಕೆ ದುಬಾರಿ ಪೆಟ್ರೋಲ್ ಕಡ್ಡಾಯ ಎಂದು ತಿಳಿಯಬೇಕಾಗಿಲ್ಲ. ಭಾರತದ ಮಾರುಕಟ್ಟೆಗೆಂದೇ ಸಿದ್ಧಪಡಿಸಿದ ಅನೇಕ ಟರ್ಬೋ ಎಂಜಿನ್ನುಗಳನ್ನು ಇಲ್ಲಿ ದೊರೆಯುವ ಸಾಮಾನ್ಯ ಪೆಟ್ರೋಲಿಗೆ ಹೊಂದಿಸಲಾಗಿದೆ. ಹೊರನೋಟಕ್ಕೆ ಒಂದೇ ಬಗೆಯೆನಿಸುವ ಎರಡು ಗಾಡಿಗಳ ಅಗತ್ಯ ಬೇರೆ ಬೇರೆಯಾಗಿರಬಹುದು. ಅಂತಿಮ ಮಾತು ತಯಾರಕರು ಗಾಡಿಯೊಂದಿಗೆ ನೀಡುವ ಕೈಪಿಡಿಯದು.

ಕೈಪಿಡಿಯ ಭಾಷೆಯನ್ನೂ ಸರಿಯಾಗಿ ಓದಬೇಕು. ‘ಕನಿಷ್ಠ 91’ ಎಂದಿದ್ದರೆ ಎಂಜಿನ್ 91ಕ್ಕೆ ಹೊಂದಿಸಲ್ಪಟ್ಟಿದೆ ಎಂದರ್ಥ. ಅದಕ್ಕಿಂತ ಹೆಚ್ಚಿನದನ್ನು ಹಾಕಿದರೆ ಕೆಡುಕೇನಿಲ್ಲ; ಆದರೆ ಹೇಳಿಕೊಳ್ಳುವಂತಹ ಲಾಭವೂ ಇಲ್ಲ. ‘91 ನಡೆಯುತ್ತದೆ, 95 ಶಿಫಾರಸು’ ಎಂದಿದ್ದರೆ ಎರಡೂ ಸುರಕ್ಷಿತ. 95 ಹಾಕಿದಾಗ ಏರುದಾರಿಯಲ್ಲಿ, ಭಾರ ಹೊತ್ತಾಗ ಎಂಜಿನ್ನಿನ ಪೂರ್ಣ ಸಾಮರ್ಥ್ಯ ದೊರೆಯುತ್ತದೆ. ‘ಕನಿಷ್ಠ 95’ ಎಂದಿದ್ದರೆ ಅಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಯುರೋಪಿನ ಹಲವು ದುಬಾರಿ ಕಾರುಗಳು ಈ ಕೊನೆಯ ವರ್ಗಕ್ಕೆ ಸೇರುತ್ತವೆ. ಕೈಪಿಡಿ ಕಳೆದುಹೋಗಿದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುವ ಚೀಟಿಯನ್ನು ನೋಡಬಹುದು.

ಇನ್ನೊಂದು ಎಚ್ಚರಿಕೆ. ಎಲ್ಲ ದೇಶಗಳೂ ಒಂದೇ ಕ್ರಮದಲ್ಲಿ ಸಂಖ್ಯೆಯನ್ನು ನಮೂದಿಸುವುದಿಲ್ಲ. ಭಾರತ, ಯುರೋಪ್ ಮತ್ತು ಕೊಲ್ಲಿ ದೇಶಗಳಲ್ಲಿ ಬಂಕಿನ ಮೇಲೆ ಕಾಣುವುದು ‘ರಿಸರ್ಚ್’ ವಿಧಾನದ ಸಂಖ್ಯೆ; ಇದನ್ನು ‘ರಾನ್’ ಎಂದು ಕರೆಯುತ್ತಾರೆ. ಹೆಚ್ಚು ಬಿಸಿ ಮತ್ತು ಹೆಚ್ಚು ವೇಗದಲ್ಲಿ ಪರೀಕ್ಷಿಸುವ ‘ಮೋಟಾರ್’ ವಿಧಾನವೂ ಇದೆ; ಅದರಲ್ಲಿ ದೊರೆಯುವ ಸಂಖ್ಯೆ ಕಡಿಮೆ. ಅಮೆರಿಕದಲ್ಲಿ ಈ ಎರಡರ ಸರಾಸರಿಯನ್ನು ನಮೂದಿಸುತ್ತಾರೆ. ಆದುದರಿಂದ ಅಲ್ಲಿಯ 87 ಎಂಬುದು ನಮ್ಮ ಸುಮಾರು 91ಕ್ಕೆ ಸಮ. ಅಮೆರಿಕದಲ್ಲಿರುವ ಬಂಧುಗಳು 87 ಹಾಕುತ್ತಾರೆಂದು ಕೇಳಿ ಅಲ್ಲಿಯ ಪೆಟ್ರೋಲ್ ಕೀಳೆಂದು ತಿಳಿಯುವುದಾಗಲಿ, ಅಲ್ಲಿಯ ಕೈಪಿಡಿಯನ್ನು ಓದಿ ಇಲ್ಲಿ ಪೆಟ್ರೋಲ್ ಹಾಕುವುದಾಗಲಿ ಸರಿಯಲ್ಲ. ಹಾಗೆಯೇ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 98, 95, 91 ಎಂಬ ಮೂರು ಬಗೆಗಳಿವೆ. ದುಬೈಯಲ್ಲಿ ದುಡಿದು ಊರಿಗೆ ಮರಳಿದ ನಮ್ಮ ಕರಾವಳಿಯ ಅನೇಕರು ಅಲ್ಲಿ 98 ಬಳಸಿದ ರೂಢಿಯನ್ನು ಇಲ್ಲಿಯೂ ಮುಂದುವರಿಸುವುದುಂಟು. ಆ ರೂಢಿ ಸರಿಯೇ ಎಂಬುದನ್ನು ಊರು ನಿರ್ಧರಿಸುವುದಿಲ್ಲ, ಗಾಡಿ ನಿರ್ಧರಿಸುತ್ತದೆ.

ಎಂಜಿನ್ ತಾನೇ ಹೊಂದಿಕೊಳ್ಳುವುದಿಲ್ಲವೇ?

ಇಂದಿನ ಬಹುತೇಕ ಕಾರುಗಳಲ್ಲಿ ನಾಕ್ ಸೆನ್ಸರ್ ಎಂಬ ಪುಟ್ಟ ಸಾಧನವಿರುತ್ತದೆ. ಅದು ನಾಕಿಂಗಿನ ಕಂಪನವನ್ನು ಗ್ರಹಿಸಿ ಎಂಜಿನ್ನಿನ ನಿಯಂತ್ರಣ ಗಣಕಕ್ಕೆ ತಿಳಿಸುತ್ತದೆ. ಗಣಕವು ಕೂಡಲೇ ಕಿಡಿ ಹೊತ್ತಿಸುವ ಗಳಿಗೆಯನ್ನು ಸ್ವಲ್ಪ ತಡಮಾಡುತ್ತದೆ. ನಾಕಿಂಗ್ ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ. ಆದರೆ ಕಿಡಿ ತಡವಾದಷ್ಟೂ ಎಳೆತ ತಗ್ಗುತ್ತದೆ, ಚಾಲಕನು ಆಕ್ಸಿಲರೇಟರನ್ನು ಹೆಚ್ಚು ಒತ್ತುತ್ತಾನೆ, ಪೆಟ್ರೋಲ್ ಹೆಚ್ಚು ಸುಡುತ್ತದೆ. 95 ಬೇಕಾದ ಎಂಜಿನ್ನಿಗೆ 91 ಹಾಕಿದರೆ ಸದ್ದು ಕೇಳಿಸದಿದ್ದರೂ ನಷ್ಟ ನಡೆದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಇದರ ಮತ್ತೊಂದು ಮುಖವೂ ಇದೆ. 91ಕ್ಕೆ ಹೊಂದಿಸಿದ ಎಂಜಿನ್ ಸಾಮಾನ್ಯ ಸ್ಥಿತಿಯಲ್ಲಿ ನಾಕಿಂಗ್ ಇಲ್ಲದೆಯೇ ತನ್ನ ಅತ್ಯುತ್ತಮ ಗಳಿಗೆಯಲ್ಲಿ ಕಿಡಿ ಹೊತ್ತಿಸುತ್ತಿರುತ್ತದೆ. ಅದಕ್ಕೆ 100 ಹಾಕಿದರೆ ಗಣಕವು ಇನ್ನೂ ಮುಂದಕ್ಕೆ ಹೋಗಲು ತಯಾರಕರು ಅವಕಾಶವನ್ನೇ ಇಟ್ಟಿರದಿದ್ದಲ್ಲಿ ಹೆಚ್ಚುವರಿ ತಾಳ್ಮೆಯು ಉಪಯೋಗಕ್ಕೆ ಬಾರದೆ ಹೊಗೆಕೊಳವೆಯ ಮೂಲಕ ಹೊರಗೆ ಹೋಗುತ್ತದೆ.

ನಮ್ಮ ಬಂಕುಗಳಲ್ಲಿ ಏನಿದೆ?

ಹಿಂದೆ ಆಕ್ಟೇನ್ ಹೆಚ್ಚಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಲಾಗುತ್ತಿತ್ತು. ಅಮೆರಿಕದಲ್ಲಿ 1921ರಲ್ಲಿ ಪತ್ತೆಯಾದ ಈ ಉಪಾಯವು ಅಗ್ಗವಾಗಿತ್ತು, ಆದರೆ ಸೀಸ ವಿಷ. ಭಾರತದಲ್ಲಿ 2000ನೇ ಇಸವಿಯ ಫೆಬ್ರುವರಿ 1ರಿಂದ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. ಅಲ್ಲಿಂದೀಚೆಗೆ ಶುದ್ಧೀಕರಣ ಘಟಕಗಳಲ್ಲಿ ತೈಲದ ಅಣುಗಳ ರಚನೆಯನ್ನೇ ಬದಲಿಸುವ ಮೂಲಕ, ಹಾಗೂ ಇತ್ತೀಚೆಗೆ ಎಥನಾಲ್ ಬೆರೆಸುವ ಮೂಲಕ, ಆಕ್ಟೇನ್ ಹೆಚ್ಚಿಸಲಾಗುತ್ತಿದೆ.

ಪೆಟ್ರೋಲಿಯಂ ಸಚಿವಾಲಯದ ಮೇಲೆ ಹೇಳಿದ ವಿವರಣೆಯಂತೆ ಒಂದು ಕಾಲದಲ್ಲಿ ನಮ್ಮ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 88 ಇತ್ತು. ಭಾರತ್ ಸ್ಟೇಜ್ 6 ಮಾನದಂಡದ ಪೆಟ್ರೋಲಿನಲ್ಲಿ ಅದು 91 ಆಯಿತು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ, ಅಂದರೆ ಇ-20ರಲ್ಲಿ, ಅದು 95ಕ್ಕೆ ಏರಿದೆ. ಈ ಇ-20 ಪೆಟ್ರೋಲಿಗೆ ಚಾಲನೆ ದೊರೆತದ್ದು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಇಂಧನ ಸಮಾವೇಶದಲ್ಲಿ. 2025ರ ವೇಳೆಗೆ ಅದು ದೇಶದ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲೇ ಆಗಿಹೋಯಿತು.

ಇದರಿಂದ ವ್ಯಾಪಾರಿಗಳು ಗ್ರಹಿಸಬೇಕಾದುದು ಇಷ್ಟು: ಸಾಮಾನ್ಯ ನಳಿಕೆಯಲ್ಲಿ ಬರುವ ಪೆಟ್ರೋಲೇ 95ರ ಮಟ್ಟವನ್ನು ಮುಟ್ಟಿರುವಾಗ, ಕೇವಲ ‘95’ ಎಂಬ ಅಂಕಿಗಾಗಿ ಹೆಚ್ಚು ಹಣ ತೆರುವ ಮುನ್ನ ಎರಡು ಬಾರಿ ಯೋಚಿಸಬೇಕು. ಆಯಾ ಬಂಕಿನ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಎಷ್ಟೆಂದು ವಿಚಾರಿಸಿ ತಿಳಿದುಕೊಳ್ಳುವುದು ಗ್ರಾಹಕರ ಹಕ್ಕು.

ದುಬಾರಿ ಪೆಟ್ರೋಲುಗಳಲ್ಲಿಯೂ ಎರಡು ಬಗೆಗಳಿವೆ. 2002ರ ಸುಮಾರಿಗೆ ತೈಲ ಕಂಪನಿಗಳು ತಮ್ಮದೇ ಹೆಸರಿಟ್ಟು ಮಾರಲಾರಂಭಿಸಿದ ಪೆಟ್ರೋಲುಗಳ ಮುಖ್ಯ ಆಕರ್ಷಣೆ ಅವುಗಳಲ್ಲಿ ಬೆರೆಸಿದ ಶುಚಿಕಾರಕಗಳು. ಇವು ಇಂಜೆಕ್ಟರ್ ಮತ್ತು ವಾಲ್ವುಗಳ ಮೇಲೆ ಮಸಿ ಕೂರದಂತೆ ನೋಡಿಕೊಳ್ಳುತ್ತವೆ. ಆ ಉಪಯೋಗ ನಿಜವೇ ಆದರೂ ಅದಕ್ಕೂ ಆಕ್ಟೇನಿಗೂ ಸಂಬಂಧವಿಲ್ಲ. ಎರಡನೆಯದು ನಿಜವಾದ ಅಧಿಕ ಆಕ್ಟೇನಿನ ಪೆಟ್ರೋಲ್. ಹಿಂದೂಸ್ತಾನ್ ಪೆಟ್ರೋಲಿಯಂ ಸಂಸ್ಥೆಯ 99 ಆಕ್ಟೇನಿನ ಪೆಟ್ರೋಲ್ ಮತ್ತು ಇಂಡಿಯನ್ ಆಯಿಲ್ ಸಂಸ್ಥೆಯು 2020ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ತಂದ 100 ಆಕ್ಟೇನಿನ ಪೆಟ್ರೋಲ್ ಈ ಬಗೆಯವು. ಇವು ಅಧಿಕ ಒತ್ತಡದ ವಿಶೇಷ ಎಂಜಿನ್ನುಗಳನ್ನು ಗಮನದಲ್ಲಿಟ್ಟುಕೊಂಡು ಬಂದ ಸರಕು. ದಿನಸಿ ಹೊತ್ತು ಗಲ್ಲಿಗಲ್ಲಿ ತಿರುಗುವ ಗಾಡಿಗಾಗಿ ಬಂದದ್ದಲ್ಲ.

ಎಥನಾಲ್ ಮತ್ತು ಹಳೆಯ ಗಾಡಿ

ಇ-20 ಬಂದ ಮೇಲೆ ಮೈಲೇಜು ಇಳಿಯಿತೆಂದು ಅನೇಕ ವಾಹನ ಮಾಲೀಕರು ದುಬಾರಿ ಪೆಟ್ರೋಲಿನ ಕಡೆ ವಾಲಿದ್ದಾರೆ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಡನೊಂದು ಬೆರೆತುಹೋಗಿವೆ. ಇ-20ರಿಂದ ಮೈಲೇಜು ಕಡಿಮೆಯಾಗಲು ಕಾರಣ ಅದರ ಶಕ್ತಿಯ ಪ್ರಮಾಣ ಕಡಿಮೆಯಿರುವುದು, ಆಕ್ಟೇನ್ ಅಲ್ಲ. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯು ಈ ಇಳಿಕೆಯನ್ನು ಹೀಗೆ ಅಂದಾಜಿಸಿತ್ತು: ಹಳೆಯ ವಿನ್ಯಾಸದ, ಇ-10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 6ರಿಂದ 7; ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4, ಇ-10ಕ್ಕೆ ವಿನ್ಯಾಸಗೊಳಿಸಿ ಇ-20ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 1ರಿಂದ 2.

ಅಧಿಕ ಆಕ್ಟೇನಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದೇ ಇಲ್ಲವೆಂದು ಭಾವಿಸುವುದೂ ತಪ್ಪು. ದುಬಾರಿ ಪೆಟ್ರೋಲುಗಳಲ್ಲಿ ಕೆಲವು ಎಥನಾಲ್ ಬೆರೆತವೇ ಆಗಿವೆ. ಎಥನಾಲಿನ ಕಾರಣಕ್ಕಾಗಿಯೇ ಬೇರೆ ಪೆಟ್ರೋಲ್ ಕೊಳ್ಳುವುದಾದರೆ ಅದರಲ್ಲಿ ಎಥನಾಲ್ ಎಷ್ಟಿದೆಯೆಂದು ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಹಳೆಯ ಗಾಡಿಗಳ ವಿಷಯದಲ್ಲಿ ನೋಡಬೇಕಾದುದು ಆಕ್ಟೇನನ್ನಲ್ಲ, ರಬ್ಬರ್ ಭಾಗಗಳನ್ನು. ಎಥನಾಲಿಗೆ ಒಗ್ಗದ ಹಳೆಯ ಕೊಳವೆಗಳು, ಸೀಲುಗಳು, ಗ್ಯಾಸ್ಕೆಟ್ಟುಗಳು ಕಾಲಕ್ರಮೇಣ ಊದಿಕೊಳ್ಳಬಹುದು ಅಥವಾ ಬಿರಿಯಬಹುದು. ಸರ್ವಿಸ್ ಮಾಡಿಸುವಾಗ ಅವನ್ನು ಪರೀಕ್ಷಿಸಿ ಬದಲಾಯಿಸುವುದು ಪ್ರತಿ ಲೀಟರಿಗೂ ಹೆಚ್ಚು ಹಣ ತೆರುವುದಕ್ಕಿಂತ ಬುದ್ಧಿವಂತಿಕೆ. ಅಂಗಡಿಗಳಲ್ಲಿ ವಿದ್ಯುತ್ ಹೋದಾಗ ಬಳಸುವ ಸಣ್ಣ ಪೆಟ್ರೋಲ್ ಜನರೇಟರುಗಳಿಗೂ ಇದೇ ಮಾತು. ಅವುಗಳ ಎಂಜಿನ್ನಿನಲ್ಲಿ ಒತ್ತಡ ಕಡಿಮೆ. ಅಧಿಕ ಆಕ್ಟೇನ್ ಸಂಪೂರ್ಣ ವ್ಯರ್ಥ. ಆದರೆ ಎಥನಾಲ್ ನೀರನ್ನು ಹೀರುವ ಗುಣವುಳ್ಳದ್ದು. ನೀರು ಹೆಚ್ಚಾದಲ್ಲಿ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಆದುದರಿಂದ ಜನರೇಟರನ್ನು ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಟ್ಯಾಂಕನ್ನು ಬರಿದು ಮಾಡಿಡುವುದು ಲೇಸು.

ನಾಕಿಂಗ್ ಎಂದರೆ ಆಕ್ಟೇನ್ ಕೊರತೆಯೇ?

ಸದ್ದು ಕೇಳಿಸಿದ ಕೂಡಲೇ ದುಬಾರಿ ಪೆಟ್ರೋಲಿಗೆ ಹೋಗುವ ಮುನ್ನ ಬೇರೆ ಕಾರಣಗಳನ್ನು ಪರಿಶೀಲಿಸಬೇಕು. ಸಿಲಿಂಡರಿನೊಳಗೆ ಮಸಿ ಕಟ್ಟಿದ್ದರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಹೆಚ್ಚುತ್ತದೆ. ಕೆಂಡವಾದ ಮಸಿಯೇ ಅಕಾಲದಲ್ಲಿ ಕಿಡಿಯ ಕೆಲಸ ಮಾಡುವುದೂ ಉಂಟು. ರೇಡಿಯೇಟರಿನಲ್ಲಿ ಕೂಲೆಂಟ್ ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತಿರಬಹುದು. ತಯಾರಕರು ಸೂಚಿಸದ ಬಗೆಯ ಸ್ಪಾರ್ಕ್ ಪ್ಲಗ್ ಹಾಕಿರಬಹುದು. ಹಳೆಯ ಗಾಡಿಯಲ್ಲಿ ಟೈಮಿಂಗ್ ಮುಂದಾಗಿರಬಹುದು. ಎಲ್ಲಕ್ಕಿಂತ ಸಾಮಾನ್ಯವಾದುದು ಚಾಲಕನ ಅಭ್ಯಾಸ: ಭಾರ ಹೊತ್ತ ಗಾಡಿಯನ್ನು ಕಡಿಮೆ ವೇಗದಲ್ಲಿ ಮೇಲಿನ ಗೇರಿನಲ್ಲಿ ಎಳೆಯುವುದು. ಗೇರು ಇಳಿಸುವುದನ್ನು ಕಲಿಸಿದರೆ ಖರ್ಚಿಲ್ಲದೆ ನಾಕಿಂಗ್ ನಿಲ್ಲುತ್ತದೆ.

ಊರಿನ ಹವೆಯೂ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಟರ್ಬೋ ಇಲ್ಲದ ಎಂಜಿನ್ನಿಗೆ ಇಲ್ಲಿ ನಾಕಿಂಗಿನ ಕಾಟ ಸ್ವಲ್ಪ ಕಡಿಮೆಯೇ. ರಾಯಚೂರು, ಕಲಬುರಗಿಯ 40 ಡಿಗ್ರಿ ದಾಟುವ ಒಣ ಬೇಸಿಗೆಯಲ್ಲಿ ಅದೇ ಎಂಜಿನ್ ಹೆಚ್ಚು ತೊಂದರೆ ಕೊಡಬಹುದು. ರಾಜ್ಯದಾದ್ಯಂತ ಓಡಾಡುವ ಗಾಡಿಗಳನ್ನು ಹೊಂದಿರುವವರು ಇದನ್ನು ಗಮನದಲ್ಲಿಡಬೇಕು.

ಪೆಟ್ರೋಲಿಗೆ ಸೀಮೆಎಣ್ಣೆಯ ಕಲಬೆರಕೆಯಾದರೂ ಆಕ್ಟೇನ್ ಕುಸಿದು ನಾಕಿಂಗ್ ಶುರುವಾಗುತ್ತದೆ. ಒಂದು ನಿರ್ದಿಷ್ಟ ಬಂಕಿನಲ್ಲಿ ಹಾಕಿಸಿದಾಗ ಮಾತ್ರ ಸದ್ದು ಬರುವುದಾದರೆ ಸಂಶಯಕ್ಕೆ ಎಡೆಯಿದೆ. ಬಂಕಿನಲ್ಲಿ ಫಿಲ್ಟರ್ ಕಾಗದದ ಪರೀಕ್ಷೆಯನ್ನು ಕೇಳುವುದು ಗ್ರಾಹಕರ ಹಕ್ಕು. ಕಾಗದದ ಮೇಲೆ ಬಿದ್ದ ಶುದ್ಧ ಪೆಟ್ರೋಲಿನ ಹನಿಯು ಸುಮಾರು ಎರಡು ನಿಮಿಷಗಳಲ್ಲಿ ಕಲೆ ಉಳಿಸದೆ ಆರಿಹೋಗಬೇಕು. ಸಾಂದ್ರತೆಯ ಪರೀಕ್ಷೆಯನ್ನೂ, ಸಂಶಯವಿದ್ದರೆ 5 ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆಯಲ್ಲಿ ಪ್ರಮಾಣದ ಪರೀಕ್ಷೆಯನ್ನೂ ಕೇಳಬಹುದು.

ಅಂಗಡಿಗಳಲ್ಲಿ ಬಾಟಲಿಯಲ್ಲಿ ಮಾರುವ ‘ಆಕ್ಟೇನ್ ಬೂಸ್ಟರ್’ಗಳ ಬಗ್ಗೆಯೂ ಎಚ್ಚರ ಬೇಕು. ಅವುಗಳಲ್ಲಿ ಕೆಲವು ಲೋಹದ ಸಂಯುಕ್ತಗಳನ್ನು ಒಳಗೊಂಡಿದ್ದು, ಸ್ಪಾರ್ಕ್ ಪ್ಲಗ್ ಮೇಲೂ ಹೊಗೆ ಶುದ್ಧೀಕರಿಸುವ ಕನ್ವರ್ಟರಿನ ಮೇಲೂ ಪದರ ಕಟ್ಟುವ ಸಂಭವವಿದೆ. ತಯಾರಕರ ಒಪ್ಪಿಗೆಯಿಲ್ಲದೆ ಬಳಸಬಾರದು. ಡೀಸೆಲ್ ಗಾಡಿಗಳಿಗೆ ಆಕ್ಟೇನ್ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಬೇಕಾದುದು ಬೇಗ ಹೊತ್ತಿಕೊಳ್ಳುವ ಗುಣ, ಅದರ ಅಳತೆಯೇ ಬೇರೆ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ವ್ಯಾಪಾರಿಗೆ ಕೊನೆಗೆ ಬೇಕಾದುದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದಲ್ಲ, ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂಬುದು. ಲೆಕ್ಕದ ಅನುಕೂಲಕ್ಕಾಗಿ ಸಾಮಾನ್ಯ ಪೆಟ್ರೋಲ್ ಲೀಟರಿಗೆ 100 ರೂಪಾಯಿ, ದುಬಾರಿ ಪೆಟ್ರೋಲ್ 108 ರೂಪಾಯಿ ಎಂದಿಟ್ಟುಕೊಳ್ಳೋಣ. ಒಬ್ಬ ವಿತರಕರ ಬಳಿ ನಾಲ್ಕು ಪೆಟ್ರೋಲ್ ಗಾಡಿಗಳಿದ್ದು, ಒಂದೊಂದೂ ತಿಂಗಳಿಗೆ 1,500 ಕಿಲೋಮೀಟರ್ ಓಡುತ್ತದೆ, ಮೈಲೇಜು 15 ಎನ್ನೋಣ. ಒಟ್ಟು 6,000 ಕಿಲೋಮೀಟರಿಗೆ 400 ಲೀಟರ್ ಬೇಕು. ಸಾಮಾನ್ಯ ಪೆಟ್ರೋಲಿನ ಖರ್ಚು 40,000 ರೂಪಾಯಿ. ದುಬಾರಿ ಪೆಟ್ರೋಲ್ ಹಾಕಿ ಮೈಲೇಜು ಬದಲಾಗದಿದ್ದರೆ 43,200 ರೂಪಾಯಿ. ವರ್ಷಕ್ಕೆ 38,400 ರೂಪಾಯಿ ಹೆಚ್ಚು ಹೊರೆ.

ಮೈಲೇಜು ಶೇ. 2ರಷ್ಟು ಏರಿ 15.3 ಆಯಿತೆನ್ನೋಣ. ಆಗಲೂ ತಿಂಗಳ ಖರ್ಚು ಸುಮಾರು 42,350 ರೂಪಾಯಿ, ನಷ್ಟ ತಪ್ಪಲಿಲ್ಲ. ಬೆಲೆಯಲ್ಲಿ ಶೇ. 8 ಹೆಚ್ಚಳವಿದ್ದರೆ ಮೈಲೇಜಿನಲ್ಲಿಯೂ ಶೇ. 8 ಹೆಚ್ಚಳವಾಗಬೇಕು, ಅಂದರೆ 15ರಿಂದ 16.2ಕ್ಕೆ ಏರಬೇಕು, ಆಗ ಮಾತ್ರ ಅಸಲು ಸರಿಹೊಂದುತ್ತದೆ. ಸಾಮಾನ್ಯ ಪೆಟ್ರೋಲಿಗೆ ಹೊಂದಿಸಿದ ಎಂಜಿನ್ನಿನಿಂದ ಇಷ್ಟು ಏರಿಕೆಯನ್ನು ನಿರೀಕ್ಷಿಸುವುದು ವ್ಯರ್ಥ.

ಆದರೂ ತಮ್ಮ ಗಾಡಿಯಲ್ಲಿಯೇ ಪರೀಕ್ಷಿಸಿ ನೋಡಬೇಕೆನ್ನುವವರು ಕ್ರಮಬದ್ಧವಾಗಿ ಮಾಡಬೇಕು. ಒಂದೇ ಬಂಕು, ಒಂದೇ ಚಾಲಕ, ಒಂದೇ ದಾರಿ, ಹೆಚ್ಚುಕಡಿಮೆ ಒಂದೇ ಭಾರ, ಟೈರಿನಲ್ಲಿ ಒಂದೇ ಗಾಳಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಬರೆಯಬೇಕು. ಪ್ರತಿ ಬಗೆಯ ಪೆಟ್ರೋಲಿನಲ್ಲಿಯೂ ಕನಿಷ್ಠ ಮೂರು ಟ್ಯಾಂಕ್ ಓಡಿಸಬೇಕು. ಬಗೆ ಬದಲಿಸಿದ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬಾರದು. ಹಳೆಯದು ಅದರಲ್ಲಿ ಬೆರೆತಿರುತ್ತದೆ. ಡ್ಯಾಶ್‌ಬೋರ್ಡಿನ ಅಂಕಿಯನ್ನಲ್ಲ, ಬಂಕಿನ ರಸೀದಿಯನ್ನು ನಂಬಬೇಕು.

ಒಟ್ಟಿನಲ್ಲಿ

ಕೈಪಿಡಿಯಲ್ಲಿ 91 ಎಂದಿರುವ ಗಾಡಿಗೆ ಸಾಮಾನ್ಯ ಪೆಟ್ರೋಲ್ ಸಾಕು. ‘ಕನಿಷ್ಠ 95’ ಎಂದಿರುವ ಗಾಡಿಗೆ 95ರ ಭರವಸೆಯಿರುವುದನ್ನೇ ಹಾಕಬೇಕು. ಅಲ್ಲಿ ಲೀಟರಿಗೆ ಉಳಿಸಿದ ಹಣ ಉಳಿತಾಯವಲ್ಲ. 99 ಮತ್ತು 100ರ ಪೆಟ್ರೋಲು ಅದನ್ನು ಕೇಳುವ ಎಂಜಿನ್ನಿಗೆ ಮಾತ್ರ. ಹಳೆಯ ಗಾಡಿಯ ರಬ್ಬರ್ ಕೊಳವೆ, ಎಲ್ಲ ಗಾಡಿಯ ಟೈರಿನ ಗಾಳಿ, ಏರ್ ಫಿಲ್ಟರ್, ಚಾಲಕನ ಗೇರು ಬಳಕೆ ಇವುಗಳ ಮೇಲೆ ಇಟ್ಟ ಗಮನವು ಬಂಕಿನಲ್ಲಿ ತೆತ್ತ ಹೆಚ್ಚುವರಿ ಹಣಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ವಾಹನಗಳನ್ನು ಹೊಂದಿರುವ ಸದಸ್ಯರು ಪ್ರತಿಯೊಂದು ಗಾಡಿಯ ಕೈಪಿಡಿಯನ್ನು ತೆಗೆದು, ಅದರಲ್ಲಿ ಸೂಚಿಸಿರುವ ಆಕ್ಟೇನ್ ಸಂಖ್ಯೆಯನ್ನೂ ಇ-20ಕ್ಕೆ ಒಪ್ಪಿಗೆಯಿದೆಯೇ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಚಾಲಕನ ಎದುರಿಗೆ ಅಂಟಿಸಿದರೆ ಸಾಕು. ಬಂಕಿನಲ್ಲಿ ‘ಯಾವುದು ಹಾಕಲಿ?’ ಎಂಬ ಪ್ರಶ್ನೆಗೆ ಉತ್ತರ ಹೇಳುವವನು ಬಹುತೇಕ ಚಾಲಕನೇ ಆಗಿರುತ್ತಾನೆ. ಆ ಉತ್ತರ ಸರಿಯಾಗಿರುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ.